ನನ್ನ ಮೇಲೊಂದು ಕೇಸು ಹಾಕಿ, ಪ್ಲೀಸ್

ಕಳೆದ ವಾರ ಒಬ್ಬರ ಮನೆಗೆ ಹೋಗಿ, ‘ನನ್ನ ಮೇಲೊಂದು ಪೊಲೀಸ್ ಕಂಪ್ಲೇಂಟ್ ಕೊಡಿ’ ಎಂದು ಗೋಗರೆದೆ. ಕಾಲು ಹಿಡಿಯುವುದೊಂದು ಬಾಕಿ. (ಆ ಕಾಲು ಮುರಿದವನೂ ನಾನೇ.)

ತಲೆ ಕೆಟ್ಟಿದೆಯಾ ಇವನಿಗೆ ಎಂದಿರಾ? ಸ್ವಲ್ಪ ಕೇಳಿ.

ಬನವಾಸಿಯಿಂದ ಶಿರಸಿಗೆ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿಟ್ಟಿದ್ದ ಅನಾನಸು ದಡದಡ ಉರುಳಿತು. ತಿರುಗಿ ನೋಡಿದೆ. ಒಂದೇ ಕ್ಷಣ! ಅಷ್ಟರಲ್ಲಿ ಕಾರು ಎದುರಿನ ಸ್ಕೂಟಿಗೆ ಬಡಿದಾಗಿತ್ತು. ಸ್ಕೂಟಿಯಲ್ಲಿದ್ದವರು ಶಾಂತಕ್ಕ, ಬನವಾಸಿ ಕಡೆಯ ಟೇಲರ್. ಅವರ ಮಗಳು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ.

ತಪ್ಪು ಪೂರ್ತಿ ನನ್ನದು. ಅವರು ತಮ್ಮ ಎಡಗಡೆಯಲ್ಲೇ ಬರುತ್ತಿದ್ದರು, ಪಾಪ.

ಜನ ಸೇರಿದರು. ಯಾರೂ ಕೂಗಾಡಲಿಲ್ಲ. ನಮ್ಮ ಕಡೆ ಆಕ್ಸಿಡೆಂಟ್ ಆದರೆ ಮೊದಲು ಕೇಳುವುದು ‘ಯಾರ ಪೈಕಿ?’ ಎಂದು. ಗುರುತು ಸಿಕ್ಕಿತೋ, ಅಲ್ಲಿಗೆ ಅರ್ಧ ಕೇಸು ಮುಗಿಯಿತು. ನಾನು ಕಾಲೇಜಿನ ಸರ್ ಎಂದು ಗೊತ್ತಾದದ್ದೇ ಉಳಿದರ್ಧವೂ ಮುಗಿಯಿತು. ‘ಪೊಲೀಸು ಗಿಲೀಸು ಯಾಕ್ರೀ, ನಮ್ಮವರೇ ಅದಾರಲ್ಲ’ ಎಂದರು ಸುದ್ದಿ ತಿಳಿದು ಓಡಿಬಂದ ಶಾಂತಕ್ಕನ ಯಜಮಾನರು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು: ‘ಹೇಗಾಯ್ತಮ್ಮ ಇದು?’

ನೋವಿಗೆ ಹಲ್ಲು ಕಚ್ಚಿ ಮಲಗಿದ್ದ ಶಾಂತಕ್ಕ ಒಮ್ಮೆ ನನ್ನ ಕಡೆ ನೋಡಿದರು. ‘ಸ್ಕೂಟಿ ಜಾರಿ ನಾನೇ ಬಿದ್ದೆ ರೀ’ ಎಂದರು. ಡಾಕ್ಟರ್ ಹಾಗೇ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ನಿಜ ಹೇಳಲಾ? ‘ಅಬ್ಬ, ಬಚಾವಾದೆ’ ಅನಿಸಿತು.

ಆಮೇಲೆ? ಹಣ್ಣು, ಎಳನೀರು ಹಿಡಿದು ಎರಡು ದಿನಕ್ಕೊಮ್ಮೆ ಅವರ ಮನೆಗೆ ಹೋಗಿಬಂದೆ. ಅವರು ಕೊಟ್ಟ ಚಹಾ ಕುಡಿದೆ. ‘ಏನು ಬೇಕಾದರೂ ಸಂಕೋಚ ಇಲ್ಲದೆ ಹೇಳಿ’ ಎಂದೆ, ದೊಡ್ಡ ಮನುಷ್ಯನ ಹಾಗೆ. ಹೊಲಿಗೆ ಮಷಿನ್ ಮೇಲೆ ಹಳೇ ಸೀರೆ ಹೊದಿಸಿದ್ದರು. ಮಷಿನ್ ತುಳಿಯುವ ಕಾಲಿಗೇ ಪೆಟ್ಟು. ಮೊದಲಿನಂತಾಗುವುದು ಅನುಮಾನ ಎಂದಿದ್ದಾರೆ ಡಾಕ್ಟರ್. ಆ ಮನೆ ನಡೆಯುವುದೇ ಆ ಮಷಿನ್ನಿನಿಂದ.

ನನ್ನ ಕಾರಿನ ಬಂಪರ್‌ಗೆ ಇನ್ಶೂರೆನ್ಸ್ ಸಿಗುತ್ತದಾ ಎಂದು ಕೇಳಲು ಸಿದ್ದಾಪುರದ ವಕೀಲ ಗೆಳೆಯನ ಬಳಿ ಹೋದೆ. (ನೋಡಿ, ನನಗೆ ಬಂಪರ್‌ನ ಚಿಂತೆ!) ಎಲ್ಲ ಕೇಳಿ ಅವನು ಸಿಟ್ಟಿಗೆದ್ದ. (ಅವನ ಹವ್ಯಕ ಮಾತಿನಲ್ಲಿ ‘ಹೇಳಿ’ ಎಂದರೆ ‘ಎಂದು’, ‘ಇಲ್ಲೆ’ ಎಂದರೆ ‘ಇಲ್ಲ’.)

‘ಎಂತ ಮಾಡಿದ್ಯ ಮಾರಾಯ! ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರದು ಎಂತಕ್ಕೆ? ನಿನ್ನ ಕಾರು ಹೊಡೆದು ಪೆಟ್ಟಾದವರಿಗೆ ಪರಿಹಾರ ಸಿಗಲಿ ಹೇಳಿ. ಎಫ್‌ಐಆರ್ ಇಲ್ಲೆ. ಆಸ್ಪತ್ರೆ ಚೀಟಿಲಿ ತಾನೇ ಬಿದ್ದದ್ದು ಹೇಳಿ ಇದ್ದು. ಕಂಪನಿ ಎಂತಕ್ಕೆ ಕೊಡ್ತು?’

ಪೊಲೀಸರಿಗೆ ತಿಳಿಸಬೇಕಾದದ್ದು ಕಾರು ಓಡಿಸುತ್ತಿದ್ದ ನನ್ನ ಕರ್ತವ್ಯವೂ ಆಗಿತ್ತಂತೆ. ಈಗಲಾದರೂ ದೂರು ದಾಖಲಾದರೆ ಶಾಂತಕ್ಕ ವಾಹನ ಅಪಘಾತದ ಟ್ರಿಬ್ಯೂನಲ್‌ಗೆ ಹೋಗಿ ಪರಿಹಾರ ಕೇಳಬಹುದು. ತಡ ಯಾಕಾಯಿತು ಎಂದು ವಿವರಿಸಬೇಕು. ಇಬ್ಬರೂ ಸೇರಿ ಕಟ್ಟಿದ ಕಥೆ ಎಂದು ಕಂಪನಿಯವರು ಜಗ್ಗಾಡಬಹುದು. ಆದರೂ ಇದ್ದದ್ದು ಇದ್ದ ಹಾಗೆ ಹೇಳುವುದೊಂದೇ ದಾರಿ.

ನಮ್ಮವರ ದಾಕ್ಷಿಣ್ಯ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದರ ಲಾಭ ಯಾರಿಗೆ? ಪೆಟ್ಟು ಕೊಟ್ಟವನಿಗೆ. ತಿಂದವರಿಗಂತೂ ಅಲ್ಲ.

ಹಾಗೆ ಗೋಗರೆಯಲು ಹೋದದ್ದು. ‘ಬ್ಯಾಡ್ರೀ ಸರ್’ ಎಂದರು ಶಾಂತಕ್ಕ. ‘ಮಗಳಿಗೆ ಕಲಿಸಿದವರ ಮ್ಯಾಲೆ ಕೇಸ್ ಹಾಕಿದ್ರ ಮಂದಿ ಏನಂದಾರು? ನಿಮ್ಮ ನೌಕರಿಗೆ ತೊಂದ್ರಿ ಆದ್ರ?’

ಕಾಲು ಮುರಿದುಕೊಂಡು ಕೂತವರಿಗೆ ನನ್ನ ನೌಕರಿಯ ಚಿಂತೆ! ನಾಚಿಕೆಯಾಯಿತು. ‘ಆಗಲಿ ಬಿಡಿ, ನಾನು ನೋಡಿಕೊಳ್ತೇನೆ’ ಎಂದರೂ ಅವರು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಬಾಯಿ ಹಾಕಿದವಳು ಮಗಳು. ‘ಅವ್ವಾ, ಇದು ಸರ್ ಮ್ಯಾಲಿನ ಸಿಟ್ಟಿಗಲ್ಲ, ನಿನ್ನ ಕಾಲಿಗೆ. ನಡಿ.’

ವಕೀಲ ಗೆಳೆಯನ ಕಾರಿನಲ್ಲೇ ಠಾಣೆಗೆ ಹೋದೆವು. ದೂರು ಬರೆದುಕೊಳ್ಳಲು ಕೂತ ಪೊಲೀಸಪ್ಪ ‘ಯಾರ ಮೇಲಮ್ಮ ದೂರು?’ ಎಂದು ಕೇಳಿದ. ನಾನು ಕೈಯೆತ್ತಿದೆ. ಆತ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದ.

‘ಇವರ ಮ್ಯಾಲೇ ರೀ’ ಎಂದರು ಶಾಂತಕ್ಕ. ‘ಆದ್ರ ಸರ್ ಭಾಳ ಒಳ್ಳೆಯವರು. ಅದನ್ನೂ ಬರಕೋರಿ.’

ಅಷ್ಟು ಒಳ್ಳೆಯವನಿಗೆ ನಿಜ ಹೇಳಲು ಹದಿನೈದು ದಿನ ಯಾಕೆ ಬೇಕಾಯಿತು?