ಬೇಳೆಗೊಂದು ಕೊಡ, ಬಾಯಿಗೊಂದು ಕೊಡ

ಬೆಳಕು ಹರಿಯುವ ಹೊತ್ತಿಗೆ ಮಾನಪ್ಪ ಊರ ಟಾಕಿ ಏರಿ, ಬ್ಲೀಚಿಂಗ್ ಪುಡಿ ಕಲಸಿದ ತಿಳಿ ಸುರಿದು ಇಳಿದಿದ್ದಾರೆ. ಒಂದು ತಾಸು ಕಾದು ನಳ ಬಿಟ್ಟ ಮೇಲೆ, ಕಿಸೆಯಲ್ಲಿ ನೀರು ಪರೀಕ್ಷಿಸುವ ದ್ರಾವಣದ ಶೀಶೆ ಇಟ್ಟುಕೊಂಡು ದಿನಕ್ಕೆ ಇಪ್ಪತ್ತು ಮನೆ ತಿರುಗುತ್ತಾರೆ. ಬ್ಲೀಚಿಂಗ್ ಪುಡಿಯ ಕಸುವು ಉಳಿದಿದ್ದರೆ, ಲೋಟದ ನೀರಿಗೆ ಎರಡು ಹನಿ ಬಿಟ್ಟೊಡನೆ ಹಳದಿಯಾಗಬೇಕು. ಶೇವಂತೆವ್ವನ ಮನೆಯ ನೀರು ಬಣ್ಣವೇ ತಿರುಗುವುದಿಲ್ಲ.

“ಯಕ್ಕಾ, ಇದು ಕುಡಿಯೂ ಕೊಡ ಹೌದಿಲ್ಲೋ? ಹಳ್ಳದ ನೀರು ಯಾಕ ಸುರಿದಿ?”

“ಅರ್ಧಾ ನಿಂದು, ಅರ್ಧಾ ಹಳ್ಳದ್ದು. ಬರೇ ನಿಂದ ಕುಡದ್ರ ಬಾಯೆಲ್ಲಾ ದವಾಖಾನಿ ವಾಸನಿ!”

ಮಾನಪ್ಪ ಹಣೆ ಚಚ್ಚಿಕೊಳ್ಳುತ್ತಾರೆ.

ಹೂವಿನ ಹಿಪ್ಪರಗಿಯ ಆಚೆಗಿನ ಈ ಸಣ್ಣ ಊರಿಗೆ ಅವರು ನೀರು ಬಿಡುತ್ತ ಹದಿನಾಲ್ಕು ವರ್ಷವಾಯಿತು. ಟಾಕಿಗೆ ಏರುವ ಬೋರಿನ ನೀರು ಗಡಸು, ಅದರಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಹಾಗಾಗಿ ಹೆಂಗಸರು ಹಳ್ಳದ ಉಸುಕಿನಲ್ಲಿ ವರ್ತಿ ಎಂಬ ಗುಂಡಿ ತೋಡಿ, ಅದರಲ್ಲಿ ಒಸರುವ ಸಿಹಿನೀರು ತರುತ್ತಾರೆ. ಊರವರು ಬಯಲಿಗೆ ಹೋಗುವುದೂ ಅದೇ ಹಳ್ಳದ ದಂಡೆಗೆ. ಮಳೆ ಬಿದ್ದರೆ ದಂಡೆಯ ಹೊಲಸೆಲ್ಲ ವರ್ತಿಗೆ ಇಳಿಯುತ್ತದೆ. ಎರಡು ವರ್ಷದ ಹಿಂದೆ, ೧೯೯೭ರ ಮಳೆಗಾಲದಲ್ಲಿ, ನಾಲ್ಕು ದಿನದಲ್ಲಿ ನಲವತ್ತೊಂದು ಜನ ವಾಂತಿಭೇದಿಯಿಂದ ಮಲಗಿದರು. ಇಬ್ಬರು ಏಳಲಿಲ್ಲ. ಒಬ್ಬಳು ಮಾನಪ್ಪನವರ ತಂಗಿ ತಿಪ್ಪವ್ವ.

“ಕಣ್ಣಿಗೆ ಕಾಣದ ಹುಳ ಕರುಳಿಗೆ ಅಂಟಿ ವಿಷಾ ಬಿಡ್ತೈತಂತ್ರಿ. ಆಗ ಕರುಳು ಮೈಯಾಗಿನ ನೀರೆಲ್ಲಾ ಹೊರಗ ಹಾಕ್ತೈತಿ. ಹೋದಷ್ಟು ನೀರು ಉಪ್ಪು-ಸಕ್ಕರಿ ಹಾಕಿ ಕುಡಿಸಬೇಕಾಗಿತ್ತು. ನಾವು ಶಾಣ್ಯಾರು, ಭೇದಿ ಹೆಚ್ಚಾಗ್ತೈತಿ ಅಂತ ಒಂದ ಗುಟುಕೂ ಕೊಡಲಿಲ್ಲ,” ಎನ್ನುತ್ತಾರೆ ಮಾನಪ್ಪ.

ಅಷ್ಟಾದರೂ ಜನ ವರ್ತಿ ಬಿಡಲಿಲ್ಲ. ಕೊನೆಗೆ ಮಾನಪ್ಪನವರೇ ಬಗ್ಗಿದರು: ವರ್ತಿಯ ಕೊಡ ಬೇಳೆಗೆ, ಅದು ಹೇಗೂ ಕುದಿಯುತ್ತದೆ, ಟಾಕಿಯ ಕೊಡ ಕುಡಿಯಲಿಕ್ಕೆ. ಊರು ಒಪ್ಪಿತು. ಈಗ ಎಲ್ಲರ ಮನೆಯಲ್ಲೂ ಎರಡು ಕೊಡ. ಆದರೆ ಕೆಲವರು ವಾಸನೆ ಮುರಿಯಲು ಒಂದರದು ಇನ್ನೊಂದಕ್ಕೆ ಸುರಿಯುತ್ತಾರೆ. ಹೊಲಸು ನೀರು ಬೆರೆತರೆ ಬ್ಲೀಚಿಂಗ್ ಪುಡಿಯ ಕಸುವು ಅಲ್ಲೇ ಮುಗಿಯಿತು.

“ತಾಸೊತ್ತು ತೆರೆದಿಡು ಯಕ್ಕಾ, ವಾಸನಿ ತಾನ ಹೋಗ್ತೈತಿ,” ಎನ್ನುತ್ತ ಮಾನಪ್ಪ ಕೊಡವನ್ನು ಅಂಗಳಕ್ಕೆ ಚೆಲ್ಲಿ, ನಳದ ಕೆಳಗಿಡುತ್ತಾರೆ. ನಿನ್ನೆ ಈ ವರ್ಷದ ಮೊದಲ ಮಳೆಯಾಗಿದೆ.

“ನೀರು ಚೆಲ್ಲಿದೆಲ್ಲೋ ಭಾಡ್ಯಾ! ಮುಂಜಾನೆದ್ದು ಊರಿಗೆ ವಿಷಾ ಉಣಿಸಾಂವ!” ಶೇವಂತೆವ್ವನ ದನಿ ಓಣಿಯ ತುದಿಯವರೆಗೂ ಬೆನ್ನಟ್ಟುತ್ತದೆ.

ಬೇಸರವಾಗುವುದಿಲ್ಲವೇ ಎಂದರೆ ಮಾನಪ್ಪ ಮುಂದಿನ ಮನೆಯ ಚಿಲಕ ಬಡಿಯುತ್ತ ಹೇಳುತ್ತಾರೆ:

“ಬೈಲಿ ಬಿಡ್ರಿ. ಬೈಯಾಕ ಮೈಯಾಗ ಕಸುವು ಇರಬೇಕಲ್ರಿ? ಈ ಮಳಿಗಾಲ ಮುಗಿಯೂಮಟಾ ಊರೆಲ್ಲಾ ಹಿಂಗ ಬೈದ್ರ ಸಾಕು.”