ಏಕಾದಶಿಯ ದಿನ ಅಳತೆ ಕೊಟ್ಟ ಪ್ಯಾಂಟು

ನನ್ನ ಹೈಸ್ಕೂಲಿನ ನಿಕ್ಕರಿನೊಳಗೆ ನನ್ನ ಜೊತೆ ಇನ್ನೂ ಇಬ್ಬರು ಆರಾಮಾಗಿ ಕೂತು ಓದಿ ಪಾಸಾಗಬಹುದಾಗಿತ್ತು. ಅಳತೆ ಕೊಡುವಾಗಲೆಲ್ಲ ಅಪ್ಪ ದರ್ಜಿಗೆ, "ಬೆಳೆಯೋ ಹುಡುಗ, ಧಾರಾಳವಾಗಿ ಹೊಲೀರಿ" ಎನ್ನುತ್ತಿದ್ದರು. ಪ್ರತಿ ವರ್ಷ ನಿಕ್ಕರು ಬೆಳೆಯಿತು, ನಾನು ಬೆಳೆಯಲಿಲ್ಲ. ಬೆಟ್ಟದ ಕಡೆಯಿಂದ ಗಾಳಿ ಬೀಸಿದರೆ ಅದು ಎರಡೂ ಕಡೆ ಉಬ್ಬಿಕೊಂಡು, ನನ್ನ ಕಾಲುಗಳು ಗಂಟೆಯೊಳಗಿನ ನಾಲಿಗೆಯ ಹಾಗೆ ಓಲಾಡುತ್ತಿದ್ದವು. ಢಣ್ ಎನ್ನುತ್ತಿರಲಿಲ್ಲ, ಅಷ್ಟೇ.

ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ ಸೋದರಮಾವ ಬೂದು ಬಣ್ಣದ ಪ್ಯಾಂಟಿನ ಬಟ್ಟೆ ಕೊಟ್ಟರು. ಇಡೀ ಮೈಸೂರಿನಲ್ಲೇ ಅತಿ ಬಿಗಿಯಾದ ಪ್ಯಾಂಟು ಹಾಕಿಕೊಂಡೇ ಕಾಲೇಜಿನ ಮೆಟ್ಟಿಲು ಹತ್ತಬೇಕೆಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ಅಡ್ಡ ನಿಂತವರು ಅಪ್ಪ. ಕಚ್ಚೆಪಂಚೆಯ ಮೇಲೆ ಕೋಟು ಹಾಕಿಕೊಂಡು ಆಫೀಸಿಗೆ ಹೋಗುವ ಅವರಿಗೆ ಪ್ಯಾಂಟೆಂದರೆ ಕಾಲಿಗೆ ತೊಡಿಸಿದ ದಿಂಬಿನ ಗವಸು.

"ನಿಕ್ಕರು ಇನ್ನೂ ಎರಡು ವರ್ಷ ಬರತ್ತೆ ಕಣೋ" ಎಂದರು.

"ಕಾಲೇಜಿಗೆ ನಿಕ್ಕರೇನಪ್ಪ?"

"ನಾಚಿಕೆ ಆದ್ರೆ ಪಂಚೆ ಉಟ್ಕೊ. ನಾನು ಪಂಚೇಲೇ ಓದ್ಲಿಲ್ವೆ?"

"ಪಂಚೇಲಿ ಮಾಡೋದನ್ನೆಲ್ಲ ಪ್ಯಾಂಟಲ್ಲೂ ಮಾಡ್ಬೋದು."

ಅಪ್ಪನ ಕಣ್ಣು ಸಣ್ಣದಾಯಿತು. "ಹೌದೇನು? ಹಾಗಾದ್ರೆ ಸರಸ್ವತಿಪುರಂ ನೆಂಟರ ಮನೇಲಿ ಮದುವೆ ಇದ್ಯಲ್ಲ, ಅದಕ್ಕೆ ಅದನ್ನೇ ಹಾಕ್ಕೊಂಡು ಬಾ. ಪಂಕ್ತೀಲಿ ಕೂತ್ಕೊ, ಎಲೆ ಖಾಲಿ ಮಾಡು, ಎದ್ದು ಬಾ. ಬಂದ್ಯೋ, ಕಾಲೇಜಿಗೆ ಪ್ಯಾಂಟು. ಇಲ್ವೋ, ಪಂಚೆ. ಆಮೇಲೆ ತಕರಾರು ಕೂಡ್ದು."

ಇಷ್ಟೇನಾ ಎಂದುಕೊಂಡೆ. ನನ್ನ ತಲೆಯಲ್ಲಿದ್ದದ್ದು ಊಟವಲ್ಲ, ಸೊಂಟ. ಸಣ್ಣ ಸೊಂಟ ಬೇಕೆಂದರೆ ಹೊಟ್ಟೆ ಬೆನ್ನಿಗೆ ಅಂಟಿರುವಾಗ ಅಳತೆ ಕೊಡಬೇಕು. ನಮ್ಮ ಮನೆಯಲ್ಲಿ ಅಂಥ ದಿನಕ್ಕೇನು ಬರ? ಪಂಚಾಂಗ ತೆಗೆದು ನೋಡಿದರೆ ಮದುವೆಗೆ ಮುಂಚೆ ಸರಿಯಾಗಿ ಒಂದು ಏಕಾದಶಿ ಕಾದು ಕೂತಿತ್ತು.

ಏಕಾದಶಿ ದಿನ ದೊಡ್ಡವರಿಗೆಲ್ಲ ಉಪವಾಸ, ಮಕ್ಕಳಿಗೆ ಮಾತ್ರ ಅವಲಕ್ಕಿ. ನಾನು ಅವಲಕ್ಕಿಯ ತಟ್ಟೆಯನ್ನು ಮುಂದಕ್ಕೆ ತಳ್ಳಿ, "ನೀರೂ ಬೇಡ ಅಜ್ಜಿ" ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ತಂದುಕೊಂಡರು. ಮಧ್ಯಾಹ್ನದೊಳಗೆ ಬೀದಿಯ ಅಷ್ಟೂ ಮನೆಗೆ ಸುದ್ದಿ ಮುಟ್ಟಿತು: "ನಮ್ಮ ಹುಡುಗ ನಿಟ್ಟುಪವಾಸ ಕಣ್ರೀ! ಯಾರೂ ಹೇಳ್ಕೊಟ್ಟಿದ್ದಲ್ಲ, ತಾನೇ!"

ಉಪವಾಸದ ಸುಸ್ತಿಗೆ ಅಪ್ಪ ಮಲಗಿದ್ದ ಹೊತ್ತು ನೋಡಿ ನಾನು ಬಟ್ಟೆ ಹಿಡಿದು ಲಷ್ಕರ್ ಮೊಹಲ್ಲಾಕ್ಕೆ ಓಡಿದೆ. ಓಡಿದೆ ಎನ್ನುವುದು ಮಾತಿಗೆ. ಹಸಿವಿಗೆ ಲೈಟುಕಂಬಗಳು ಒಂದೊಂದಾಗಿ ಬಂದು ನನ್ನ ಕೈ ಹಿಡಿದು ನಡೆಸಿದವು. ದರ್ಜಿ ಸಾಹೇಬರು ಟೇಪು ಸುತ್ತಿದಾಗ ಒಳಗಿದ್ದ ಅಷ್ಟಿಷ್ಟು ಉಸಿರನ್ನೂ ಎಳೆದುಕೊಂಡೆ.

"ಒಂದಿಂಚು ಸಡಿಲ ಬಿಡ್ತೀನಿ" ಎಂದರು ಸಾಹೇಬರು.

"ಬೇಡಿ."

"ಒಳಗಾದ್ರೂ ಬಟ್ಟೆ ಮಡಚಿ ಬಿಡ್ತೀನಿ. ನಾಳೆ ಬಿಚ್ಚಿ ದೊಡ್ಡದು ಮಾಡ್ಬೋದು."

"ಕತ್ತರಿಸಿ ಬಿಸಾಕಿ. ಮಡಿಕೆ ಇದ್ರೆ ದಪ್ಪ ಕಾಣ್ತೀನಿ."

"ನಿಮ್ಮಿಷ್ಟ ಸ್ವಾಮಿ. ಹೊಲಿಯೋನು ನಾನು, ಉಸಿರಾಡೋರು ನೀವು" ಎಂದು ಅವರು ಸೀಮೆಸುಣ್ಣ ಎತ್ತಿಕೊಂಡರು.

ಮದುವೆಯ ಬೆಳಿಗ್ಗೆ ಆ ಪ್ಯಾಂಟಿನೊಳಗೆ ಇಳಿಯಲು ನಾನು ಮಂಚದ ಮೇಲೆ ಮಲಗಬೇಕಾಯಿತು. ಗುಂಡಿ ಹಾಕಿದ ಮೇಲೆ ಎದ್ದು ನಿಂತದ್ದೇ ಒಂದು ಸಾಹಸ. ಆದರೆ ಕನ್ನಡಿಯಲ್ಲಿ! ಬೂದಿ ಬಳಿದ ಎರಡು ಕಬ್ಬಿನ ಜಲ್ಲೆಗಳು. ಚಪ್ಪರದೊಳಗೆ ಹೋದಾಗ ಓಲಗದವರು ಕೂಡ ಒಂದು ಸ್ವರ ಬಿಟ್ಟು ನೋಡಿದರು ಎಂದು ನನ್ನ ನಂಬಿಕೆ.

ಪಂಕ್ತಿಗೆ ಕರೆದರು. ನಿಂತಾಗ ಸರಿ ಇದ್ದ ಪ್ಯಾಂಟು ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಲು ಹೋದಾಗ ಒಪ್ಪಲಿಲ್ಲ. ಮೊದಲು ಬಲಗಾಲನ್ನು ಎರಡೂ ಕೈಯಿಂದ ಮಡಚಿದೆ. ಎಡಗಾಲು ತಾನಾಗಿ ನೆಟ್ಟಗಾಯಿತು. ಅದನ್ನು ಮಡಚಿದರೆ ಇದು ನೆಟ್ಟಗೆ. ಕೊನೆಗೆ ಎರಡನ್ನೂ ಒಂದೇ ಏಟಿಗೆ ಒಳಗೆ ಸೇರಿಸಿ ಕೂತೆ. ಎದುರಿನ ಸಾಲಿನಲ್ಲಿ ಅಪ್ಪ. ನಾನು ನಕ್ಕೆ. ಅವರು ನಗಲಿಲ್ಲ.

ಕೋಸಂಬರಿ, ಪಲ್ಯ, ಅನ್ನ, ಸಾರು, ಎಲ್ಲವನ್ನೂ ಒಂದೊಂದು ಚಿಟಿಕೆ ಹಾಕಿಸಿಕೊಂಡೆ. ಗೆದ್ದೆ ಎನ್ನುವಷ್ಟರಲ್ಲಿ ಒಬ್ಬಟ್ಟಿನ ಹಿಂದೆಯೇ ಅಜ್ಜಿ ಬಂದರು.

"ಏನ್ರೀ, ಒಂದೇ ಹಾಕಿದೀರಲ್ಲ! ಮಗು ಏಕಾದಶಿ ದಿನ ತೊಟ್ಟು ನೀರು ಮುಟ್ಟಿಲ್ಲ. ಅಂಥೋನಿಗೆ ಬಡಿಸಿದ್ರೆ ಪುಣ್ಯ, ಹಾಕಿ ಹಾಕಿ."

"ಅಜ್ಜಿ, ಸಾಕು..."

"ಉಪವಾಸ ಮಾಡಿ ಮಾಡಿ ನಾಲಿಗೆ ಕಟ್ಬಿಟ್ಟಿದಾನೆ ನೋಡಿ!"

ಬಡಿಸುವವರಿಗೆ ಪುಣ್ಯದ ಆಸೆ ಹುಟ್ಟಿತು. ಒಬ್ಬರ ಹಿಂದೊಬ್ಬರು ಬಂದರು. ನನ್ನ ಎಲೆಯ ಮೇಲೆ ಎದ್ದ ಒಬ್ಬಟ್ಟಿನ ಗೋಪುರದ ಆಚೆ ಅಪ್ಪನ ತಲೆ ಮಾತ್ರ ಕಾಣುತ್ತಿತ್ತು. ಎಲೆ ಖಾಲಿಯಾಗಬೇಕು, ಇಲ್ಲವಾದರೆ ಪಂಚೆ. ಹಲ್ಲು ಕಚ್ಚಿ ತಿಂದೆ. ಮೇಲೆ ತುಪ್ಪ ಸುರಿದರು, ತಿಂದೆ. ಪಾಯಸ ಬಂತು, ಕುಡಿದೆ. ಕೊನೆಯ ತುತ್ತು ಇಳಿದಾಗ ಪ್ಯಾಂಟಿನ ಗುಂಡಿ ಸಿಡಿದು ಎದುರಿನ ಸಾಲಿನ ಯಜಮಾನರೊಬ್ಬರ ಪಾಯಸಕ್ಕೆ ಬಿತ್ತು. ಅವರು ಅದನ್ನು ದ್ರಾಕ್ಷಿ ಎಂದು ಅಗಿದು ನೋಡಿ, ಅಡಿಗೆಯವರನ್ನು ಬೈದು, ಎಲೆಯ ಪಕ್ಕಕ್ಕೆ ಇಟ್ಟರು. ನಾನು ಏಳಲು ಹೋದೆ. ಹಿಂದೆ ಪರ್ರ್ ಎಂದಿತು.

ಸೋಲುವುದೆಲ್ಲಿ ಬಂತು? ಕೂತಿದ್ದ ಮಣೆಯನ್ನೇ ಎತ್ತಿ ಹಿಂದಕ್ಕೆ ಅಡ್ಡ ಹಿಡಿದುಕೊಂಡು ಹೊರಟೆ.

"ಮಣೆ ಯಾಕೋ ಎತ್ಕೊಂಡ್ ಹೋಗ್ತಿದೀಯ?" ಯಾರೋ ಕೂಗಿದರು.

"ಮುಂದಿನ ಪಂಕ್ತಿಗೆ ತೊಳ್ಕೊಡ್ತೀನಿ!"

"ನೋಡಿದ್ರಾ? ಸೇವೇಲೂ ಮುಂದು!" ಎಂದರು ಅಜ್ಜಿ.

ಕೈ ತೊಳೆಯುವ ಜಾಗದಲ್ಲಿ ಅಪ್ಪ ನಿಂತಿದ್ದರು. ನನ್ನ ಭುಜ ಹಿಡಿದು ತಿರುಗಿಸಿ, ಮಣೆ ಸರಿಸಿ ನೋಡಿದರು.

"ಕೂತೆ, ಎಲೆ ಖಾಲಿ ಮಾಡ್ದೆ, ಎದ್ದು ಬಂದೆ" ಎಂದೆ.

"ಹೊಲಿಗೆ ಎಲ್ಲೋ?"

"ಹೊಲಿಗೆ ವಿಷಯ ನೀವು ಹೇಳೇ ಇರ್ಲಿಲ್ಲ."

ಅಪ್ಪ ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಆಯ್ತು, ಮಾತು ಮಾತೇ. ಕಾಲೇಜಿಗೆ ಪ್ಯಾಂಟು. ಆದ್ರೆ ಇದೇ ಪ್ಯಾಂಟು. ಬೇರೆ ಬಟ್ಟೆ ಕೇಳ್ಕೂಡ್ದು."

ಒಳಗೆ ಬಿಚ್ಚಲು ಮಡಿಕೆಯಿರಲಿಲ್ಲ. ಅದನ್ನು ಬಿಸಾಡಿಸಿದ ಪುಣ್ಯಾತ್ಮ ನಾನೇ. ಮನೆಯಲ್ಲಿ ಧಾರಾಳವಾಗಿ ಇದ್ದ ಬಟ್ಟೆ ಒಂದೇ, ನಿಕ್ಕರು. ಮಾರನೆಯ ದಿನ ಹೊಟ್ಟೆ ಬಿರಿಯೆ ಉಂಡು, ಎರಡನ್ನೂ ಹಿಡಿದು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಅಂಗಡಿಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಈಗ ಅಳೀರಿ" ಎಂದೆ.

"ಕೂತೋರ ಅಳತೆ ನಾನು ಯಾವತ್ತೂ ತಗೊಂಡಿಲ್ಲ ಸ್ವಾಮಿ."

"ಇವತ್ತು ತಗೊಳ್ಳಿ. ತೇಗು ಬರೋ ಹಾಗಿದೆ, ಅದನ್ನೂ ಸೇರಿಸ್ಕೊಳ್ಳಿ."

ಈಗ ನನ್ನ ಬೂದು ಪ್ಯಾಂಟಿನ ಹಿಂದೆ ನಿಕ್ಕರಿನ ಖಾಕಿ ಬಟ್ಟೆಯ ತ್ರಿಕೋನವೊಂದು ಕೂತಿದೆ. ಅದು ಯಾರಿಗೂ ಕಾಣದಿರಲೆಂದು ನಾನು ಕ್ಲಾಸಿಗೆ ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರಿಗಿಂತ ಕೊನೆಗೆ ಏಳುತ್ತೇನೆ. ಇಂಥ ಶ್ರದ್ಧೆಯ ವಿದ್ಯಾರ್ಥಿ ಅಪರೂಪ ಎಂದು ಮೇಷ್ಟ್ರು ಅಪ್ಪನಿಗೇ ಹೇಳಿದರಂತೆ. ಅಪ್ಪ ಮತ್ತೆ ಕೆಮ್ಮಿದರಂತೆ.

ಶ್ರಾವಣದಲ್ಲಿ ನೆಂಟರ ಮನೆಯಲ್ಲಿ ಇನ್ನೊಂದು ಮದುವೆ ಇದೆ. ಇದೇ ಪ್ಯಾಂಟು ಹಾಕಿಕೊಂಡು, ಮೊದಲನೆಯ ಪಂಕ್ತಿಯಲ್ಲೇ, ಅಪ್ಪನ ಎದುರಿಗೇ ಕೂರುತ್ತೇನೆ. ಅಜ್ಜಿ ಒಬ್ಬಟ್ಟು ಎಷ್ಟಾದರೂ ಹಾಕಿಸಲಿ.