ಸೋಮವಾರ ಹೂಡದ ಮೋಟಾರು

ಪುಣೆಯ ಭವಾನಿ ಪೇಟೆಯಲ್ಲಿ ನಮ್ಮ ವಾಡೆಯಲ್ಲೇ ಬಾಡಿಗೆಗಿದ್ದ ಮಲಕಪ್ಪ ಅತ್ತ ಬಡಿಗನೂ ಅಲ್ಲ, ಇತ್ತ ಮೋಟಾರು ಮೇಸ್ತ್ರಿಯೂ ಅಲ್ಲ. ಎರಡರ ನಡುವಿನ ಆಸಾಮಿ. ನವಲಗುಂದದ ಕಡೆ ಎತ್ತು ಹೊಡೆಯುತ್ತಿದ್ದವನು ಇಲ್ಲಿಗೆ ಬಂದು ಮೋಟಾರುಗಳ ಡ್ಯಾಶ್‌ಬೋರ್ಡಿಗೆ ಗಡಿಯಾರ, ದೀಪ, ಹಿಡಿಕೆ ಕೂಡಿಸುವುದನ್ನು ಕಲಿತಿದ್ದ. ದಂಡಿನ ಗೋರಾ ಅಧಿಕಾರಿಗಳೂ ಸಾಹುಕಾರರ ಮಕ್ಕಳೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಓಡುವ ಗಾಡಿಯಲ್ಲಿ ಗಡಿಯಾರ ಯಾವ ಪುಣ್ಯಾತ್ಮ ನೋಡುತ್ತಾನೆ ಎಂದು ನಾನು ಕಾಡಿಸಿದರೆ ನಗುತ್ತಿದ್ದ.

ಊರು ಬಿಟ್ಟರೂ ಊರಿನ ಒಂದು ರೂಢಿ ಅವನು ಬಿಟ್ಟಿರಲಿಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಲಕಪ್ಪನಿಗೆ ಎತ್ತುಗಳಿರಲಿಲ್ಲ, ಮೋಟಾರುಗಳಿದ್ದವು. ಸೋಮವಾರ ಬೆಳಿಗ್ಗೆ ಅವುಗಳ ಮೂತಿ ತೊಳೆದು, ವಿಭೂತಿ ಹಚ್ಚಿ, ಶೆಡ್ಡಿನ ಬಾಗಿಲು ಹಾಕಿಬಿಡುತ್ತಿದ್ದ. ಹೆಂಡತಿ ಬಸವಣ್ಣೆವ್ವ ಅವನಿಗಿಂತ ಒಂದು ಕೈ ಮೇಲೆ. ಆ ದಿನ ಟಾಂಗಾ, ಬಸ್ಸು ಯಾವುದನ್ನೂ ಹತ್ತುತ್ತಿರಲಿಲ್ಲ. ಅದು ಅವಳ ತಾಯಿ ಪಾರವ್ವ ಕಲಿಸಿದ್ದು.

ಪಾರವ್ವ ಮಗ ಶಿವಪ್ಪನ ಜೊತೆ ದಿವೆ ಘಾಟಿನಾಚೆಯ ಸಾಸವಡದಲ್ಲಿದ್ದಳು; ಅವನಿಗೆ ಅಲ್ಲಿ ಎಣ್ಣೆಯ ಅಂಗಡಿ. ಅಳಿಯ ನೇಗಿಲು ಬಿಟ್ಟದ್ದು ಮುದುಕಿಗೆ ಸೇರಿರಲಿಲ್ಲ. "ಮಂದಿ ಮೋಟಾರ ಸಿಂಗಾರ ಮಾಡ್ತಾನ. ಅದರಾಗ ನನ್ನ ಮಗಳು ಕುಂತದ್ದ ಒಮ್ಮೆರ ನೋಡ್ತೀನೇನ ನಾ?" ಎಂದು ಚುಚ್ಚುತ್ತಿದ್ದಳು.

ಮೂವತ್ತೆಂಟನೇ ಇಸವಿಯ ಶ್ರಾವಣದಲ್ಲಿ, ಒಂದು ಶನಿವಾರ, ಸಾಸವಡದ ವ್ಯಾಪಾರಿಯೊಬ್ಬ ಸುದ್ದಿ ತಂದ. ಪಾರವ್ವನಿಗೆ ಜ್ವರ ಬಿಟ್ಟಿಲ್ಲ, ಮಗಳನ್ನು ನೋಡಬೇಕು ಅನ್ನುತ್ತಾಳೆ. ಆಗ ಶೆಡ್ಡಿನಲ್ಲಿ ಬಿಂದುಮಾಧವ ದೇಸಾಯರ ಕೆಂಪು ಮೋಟಾರು ನಿಂತಿತ್ತು. ಎರಡೇ ಸೀಟು, ತಲೆಯ ಮೇಲೆ ಟಪ್ಪಿಲ್ಲ, ಬಾಗಿಲೂ ಗಿಡ್ಡ. ಪಕ್ಕದಲ್ಲಿ ಕೂತವರು ತಿರುವಿನಲ್ಲಿ ಹೊರಗೆ ಉರುಳಬಾರದೆಂದು ಡ್ಯಾಶ್‌ಬೋರ್ಡಿಗೆ ಒಂದು ಹಿಡಿಕೆ, ಜೊತೆಗೊಂದು ಗಡಿಯಾರ ಕೂಡಿಸಲು ದೇಸಾಯರು ಹೇಳಿದ್ದರು. ಸುದ್ದಿ ಕೇಳಿ, "ಕೆಲಸ ಮುಗದ ಕೂಡ್ಲೆ ಇದನ್ನ ತಗೊಂಡ ಹೋಗ್ರಿ ಮಲಕಪ್ಪ. ಗಾಡೀದೂ ಪರೀಕ್ಷಾ ಆಗ್ತದ" ಎಂದರು. ಒಳ್ಳೆಯ ಮನುಷ್ಯ. ಬಸವಣ್ಣೆವ್ವ ವಾಡೆಗೆಲ್ಲ ಹೇಳಿಕೊಂಡು ತಿರುಗಿದಳು. ಮೋಟಾರಿನಲ್ಲೇ ಬರುತ್ತೇನೆಂದು ಅದೇ ವ್ಯಾಪಾರಿಯ ಕೈಯಲ್ಲಿ ತಾಯಿಗೂ ಹೇಳಿ ಕಳಿಸಿದಳು.

ಭಾನುವಾರವೆಲ್ಲ ಮಲಕಪ್ಪ ಗಾಡಿಯ ಮುಂದೆಯೇ. ಗಡಿಯಾರಕ್ಕೆ ಹಲಗೆಯಲ್ಲಿ ದುಂಡನೆಯ ತೂತು ಬೇಕು. ಗೆರೆಯ ಒಳಗೇ ಕೊರೆದು, ಆಮೇಲೆ ಅರದಿಂದ ತುಸುತುಸುವೇ ತಿಕ್ಕುತ್ತಿದ್ದ. ಹೆಚ್ಚಾದರೆ ಹಲಗೆಯೇ ಹಾಳು. ಹಿಡಿಕೆಯನ್ನು ನುಣ್ಣಗೆ ಉಜ್ಜಿ ಕೂಡಿಸಿ, ಹೆಂಡತಿಯನ್ನು ಕರೆದು ಹಿಡಿಸಿ ನೋಡಿದ.

"ಕೈಯಾನ ಬಳಿ ತಾಗ್ತಾವ್ರಿ" ಎಂದಳು.

ಮತ್ತೆ ಬಿಚ್ಚಿ ತುಸು ಕೆಳಗೆ ಕೂಡಿಸಿದ. ಅಷ್ಟರಲ್ಲಿ ಹೊತ್ತು ಮುಳುಗಿತು. ಮಳೆಯಲ್ಲಿ, ಕತ್ತಲಲ್ಲಿ ದಿವೆ ಘಾಟು ಹತ್ತುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಬೆಳಗಾಗೆದ್ದು ಮಲಕಪ್ಪ ರೂಢಿಯಂತೆ ಗಾಡಿ ತೊಳೆದು ವಿಭೂತಿ ಹಚ್ಚಿದ. ಹಚ್ಚಿ, "ನಡಿ, ಹೋಗೂಣು" ಎಂದ. ಬಸವಣ್ಣೆವ್ವ ಮಿಸುಕಲಿಲ್ಲ.

"ಶ್ರಾವಣ ಸೋಮವಾರ ಹ್ಯಾಂಗ ಹೂಡೂದ್ರಿ?"

"ಮೋಟಾರಕ್ಕೇನ ಎತ್ತ ಅದಾವೇನ?"

"ಮತ್ತ ಇಭೂತಿ ಯಾಕ ಹಚ್ಚೀರಿ?"

ಮಲಕಪ್ಪ ಗಾಡಿಯ ಮೂತಿಯ ಮೇಲಿನ ವಿಭೂತಿ ನೋಡಿದ.

"ಅವ್ವ ಕಲಿಸಿದ್ದನ್ನ ಮುರದು ಅವ್ವನ ಮುಂದ ಹ್ಯಾಂಗ ನಿಂದರ್ಲಿ? ಒಂದ ದಿನದ ಮಾತು. ನಾಳೆ ನಸುಕಿನ್ಯಾಗ ಹೋಗೂಣು" ಎಂದು ಅವಳು ತಾಯಿಗಾಗಿ ಶೇಂಗಾ ಹೋಳಿಗೆ ಮಾಡಲು ಕೂತಳು. ಅದರಲ್ಲಿ ನಮಗೂ ಒಂದು ಪಾಲು ಬಂತು.

ಮಂಗಳವಾರ ಹೊರಟರು. ಮೊದಮೊದಲು ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದವಳು ಘಾಟು ದಾಟುವ ಹೊತ್ತಿಗೆ ನಗುತ್ತಿದ್ದಳಂತೆ. ಇಳಿಯುವ ತನಕ ಹಿಡಿಕೆ ಬಿಡುವುದಿಲ್ಲ, ಅವ್ವ ನೋಡಲಿ ಅಂದಳಂತೆ.

ಶಿವಪ್ಪನ ಮನೆಯ ಮುಂದೆ ಜನ ನಿಂತಿದ್ದರು. ಪಡಸಾಲೆಯಲ್ಲಿ ಪಾರವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ನಮ್ಮವರಲ್ಲಿ ಸತ್ತವರನ್ನು ಕೂಡಿಸುವ ಹಾಗೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವಿನ ಮಾಲೆ, ಮುಖ ಬಾಗಿಲ ಕಡೆಗೆ. ಹಿಂದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಜೀವ ಹೋಗಿತ್ತು.

ಅತ್ತು ಅತ್ತು ಸೋತ ಮೇಲೆ ಬಸವಣ್ಣೆವ್ವ ಒಂದೇ ಮಾತಿಗೆ ಜೋತುಬಿದ್ದಳು. "ನಿನ್ನಿ ಸೋಮವಾರ ಇತ್ತಲ್ಲೋ ತಮ್ಮಾ. ನಾ ಬರಾಂಗಿಲ್ಲಂತ ಅವ್ವಗ ಗೊತ್ತಿತ್ತಲ್ಲ?"

ಶಿವಪ್ಪ ತಲೆ ಎತ್ತಲಿಲ್ಲ. "ನಾನೂ ಅದನ್ನ ಹೇಳಿದೆ ಅಕ್ಕಾ. ಸೋಮವಾರ ಅಕ್ಕ ಬರೂದಿಲ್ಲ, ನೀ ಮಲಕೋ ಅಂದೆ. ಕೇಳಲಿಲ್ಲ. ‘ಮೋಟಾರಕ್ಕೇನ ಎತ್ತ ಅದಾವೇನೋ ಹುಚ್ಚಾ, ಬರ್ತಾಳ’ ಅಂತ ಹಗಲೆಲ್ಲಾ ಬಾಗಲಾ ನೋಡ್ಕೋತ ಕುಂತ್ಲು."

ಇದನ್ನು ಕೇಳಿದ ದಿನ ನನಗೆ ಬಸವಣ್ಣನ ಮೇಲೂ ಸಿಟ್ಟು ಬಂತು. ಪಾಪ, ಅವನದೇನು ತಪ್ಪು.

ಸಾಸವಡದಲ್ಲಿ ಪಾರವ್ವನ ಮಣ್ಣು ಮುಗಿಸಿ ಬಂದ ಮೇಲೆ, ಮುಂದಿನ ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದವಳು ಬಸವಣ್ಣೆವ್ವ. ದೇಸಾಯರು ಗಾಡಿ ಇನ್ನೂ ಒಯ್ದಿರಲಿಲ್ಲ. ಅವಳು ಹತ್ತಿ ಕೂತು ಹಿಡಿಕೆ ಹಿಡಿದುಕೊಂಡಳು. "ನಡೀರಿ, ಅವ್ವನ ಕಡೆ ಹೋಗೂಣು" ಎಂದಳು.

ವಿಭೂತಿ ಹಿಡಿದು ಬಂದಿದ್ದ ಮಲಕಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಗಾಡಿ ಚಾಲೂ ಮಾಡಿದ.